ಮೇಲಿನ ರೂಮಿನ ಮೇಡಂ

ಆ ವರ್ಷದ ಎಳ್ಳ ಅಮಾವಾಸ್ಯೆಗೆ ನಮ್ಮ ಬಿಲ್ಡಿಂಗಿನ ಬಾಡಿಗೆದಾರರನ್ನೆಲ್ಲ ನಾನು ನಮ್ಮ ಹೊಲದ ಊಟಕ್ಕೆ ಕರೆದೆ. ಒಬ್ಬಳನ್ನು ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಗೊತ್ತಿದ್ದೇ ಬಿಟ್ಟೆ. ಆಕೆ ಅದೇ ಹೊಲದಲ್ಲಿ ಆಡಿ ಬೆಳೆದವಳು, ನನ್ನ ಒಡಹುಟ್ಟಿದ ತಂಗಿ.

ಇದನ್ನು ಬಹಳ ಜನರ ಮುಂದೆ ಬಗೆಬಗೆಯಾಗಿ ಹೇಳಿ ನೋಡಿದ್ದೇನೆ. ಪ್ರತಿ ಸಲವೂ ಹೇಳಿ ಮುಗಿಸುವ ಹೊತ್ತಿಗೆ ನಾನು ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋದವನಿಗೆ ಬರವಣಿಗೆ ಸರಾಗವಲ್ಲ. ಎರಡು ಸಾಲು ಬರೆದು ಎದ್ದು ಅಂಗಳಕ್ಕೆ ಹೋಗುತ್ತೇನೆ, ಮತ್ತೆ ಬಂದು ಕೂಡುತ್ತೇನೆ. ಕುಳಿತಲ್ಲಿ ಕೂಡಲಾಗದ ಈ ರೋಗ ಆ ಅಮಾವಾಸ್ಯೆಗೆ ಹತ್ತಿದ್ದಲ್ಲ, ಅದಕ್ಕೂ ಹಿಂದಿನದು.

ಬಸವಕಲ್ಯಾಣದಲ್ಲಿ ನನ್ನದೊಂದು ಬುಕಿಂಗ್ ಆಫೀಸು. ಖಾಲಿ ನಿಂತ ಲಾರಿಗಳಿಗೆ ಲೋಡು ಹೊಂದಿಸಿ ಕೊಡುವ ಕೆಲಸ. ಒಂದು ಟೇಬಲ್, ಎರಡು ಫೋನು, ಗೋಡೆಯ ಮೇಲೆ ದೇಶದ ನಕಾಶೆ, ಅಷ್ಟೇ. ಮನೆ ಹುಮನಾಬಾದಿನಲ್ಲಿ, ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ. ಹೊಲ ಅಲ್ಲಿಂದ ಹತ್ತಿರದ ಹುಡಗಿ ಗ್ರಾಮದಲ್ಲಿ. ದಿನಾ ಬೆಳಿಗ್ಗೆ ಮೋಟರ್ ಸೈಕಲ್ ಮೇಲೆ ಕಲ್ಯಾಣಕ್ಕೆ ಹೋಗುತ್ತೇನೆ, ಸಂಜೆ ಬರುತ್ತೇನೆ.

ಆಫೀಸಿದ್ದ ಬಿಲ್ಡಿಂಗು ಸಣ್ಣದು. ಕೆಳಗೆ ಮೂರು ರೂಮು, ಮೇಲೆ ಮೂರು, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದ ಮೆಟ್ಟಿಲು. ಮಾಲೀಕ ಹೈದರಾಬಾದಿನವನು, ವರ್ಷಕ್ಕೊಮ್ಮೆ ಬಂದರೆ ಬಂದ. ನಾನು ಸೇರಿದ ಹೊಸತರಲ್ಲಿ ಅಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ರಬ್ಬರ್ ಶಿಕ್ಕೆ, ಅಂದರೆ ಮೊಹರು, ಮಾಡುವ ಮುದುಕರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ಆದರೆ ಜಗಳವಾಡುವಾಗ ಮಾತ್ರ. ಅವರ ಆಚೆಯ ರೂಮಿನಲ್ಲಿ ಒಬ್ಬ ವಿಮೆ ಏಜೆಂಟ್. ಮೇಲೆ ಒಬ್ಬ ವಕೀಲರು. ಉಳಿದ ಎರಡು ರೂಮಿಗೆ ಯಾರಾರೋ ಬರುತ್ತಿದ್ದರು, ಬಿಡುತ್ತಿದ್ದರು. ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಜಗಳ, ನಲ್ಲಿ ಬಿಟ್ಟು ಹೋದದ್ದಕ್ಕೆ ಜಗಳ, ಮೆಟ್ಟಿಲ ಮೂಲೆಯಲ್ಲಿ ಉಗುಳಿದವರು ಯಾರೆಂದು ಜಗಳ.

ನನಗೆ ಈ ಮುಖ ತಿರುವುವ ಆಟ ಆಗಿಬರಲಿಲ್ಲ. ಕುರಿ ಕಾಯುವವರು ಅಡವಿಯಲ್ಲಿ ಗುರುತಿಲ್ಲದವನ ರೊಟ್ಟಿಯನ್ನೂ ಹಂಚಿಕೊಂಡು ತಿಂದವರು. ಒಂದು ಬೇಸಿಗೆಯಲ್ಲಿ ದೊಡ್ಡ ಮಣ್ಣಿನ ರಂಜಣಿಗೆ ತಂದು ಮೆಟ್ಟಿಲ ಕೆಳಗೆ ಮರಳು ಹಾಕಿ ಕೂಡಿಸಿದೆ. ಚಾಚಾ ಹೊರಗೆ ಬಂದು ಅದರ ಸುತ್ತ ಒಂದು ಸಲ ತಿರುಗಿದರು.

“ಇದಕ್ಕ ನೀರು ಯಾರು ತುಂಬ್ತಾರ?”

“ಎಲ್ಲಾರೂ. ಪಾಳಿ ಮ್ಯಾಲ.”

“ವಕೀಲ್ ಸಾಬೂ ಕೊಡ ಹೊರ್ತಾರೇನು? ಕರೀ ಕೋಟು, ಮ್ಯಾಲ ಕೊಡ! ಅದನ್ನ ನೋಡಾಕರೆ ನಾ ಜಿಂದಾ ಇರ್ಬೇಕಪಾ.”

ಮೇಲಿಂದ ವಕೀಲರ ದನಿ ಬಂತು. “ಹೊರ್ತೀನ್ರಿ ಚಾಚಾ. ನೀವು ಜರಾ ಮೆಟ್ಟಿಲದಾಗ ಉಗುಳೂದು ಬಿಡ್ರಿ, ಸಾಕು.”

“ನಾ ಉಗುಳ್ತೀನೇನು? ಬಾಯಾಗ ಹಲ್ಲೇ ಇಲ್ಲ, ಪಾನ್ ಹ್ಯಾಂಗ ತಿನ್ಲಿ?”

“ಉಗುಳಾಕ ಹಲ್ಲು ಬೇಕೇನ್ರಿ?”

ಏಜೆಂಟ್ ಒಳಗೆ ಕುಳಿತೇ ನಕ್ಕ. ಆ ಬಿಲ್ಡಿಂಗಿನಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ವಕೀಲರು ನಿಜವಾಗಿಯೂ ಕೊಡ ಹೊತ್ತರು, ಕೋಟು ತೆಗೆದಿಟ್ಟು.

ಆಮೇಲೆ ಮಧ್ಯಾಹ್ನದ ಊಟ ಒಟ್ಟಿಗೆ ಶುರುವಾಯಿತು. ನನ್ನ ಆಫೀಸಿನಲ್ಲಿ ಜಮಖಾನ ಹಾಸಿ ಎಲ್ಲರೂ ಡಬ್ಬಿ ಬಿಚ್ಚುವುದು. ನಮ್ಮನೆಯ ಜೋಳದ ರೊಟ್ಟಿಯನ್ನು ಚಾಚಾ ಪಲ್ಯದಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದರು, ಅವರ ಮನೆಯ ಬೇಳೆ ನನಗೆ ಬರುತ್ತಿತ್ತು. ರಂಜಾನಿನ ರೋಜಾ ತಿಂಗಳಲ್ಲಿ ಜಮಖಾನ ವಕೀಲರ ರೂಮಿಗೆ ಹೋಯಿತು, ಚಾಚಾನ ಕಣ್ಣಿಗೆ ಬೀಳಬಾರದೆಂದು. ಅವರು ಕೆಳಗಿನಿಂದ ಕೂಗುತ್ತಿದ್ದರು, “ಏನು ಪಲ್ಯಾ ಅಂತರೆ ಹೇಳ್ರೋ!” ಮೊಬೈಲಿನಲ್ಲಿ ಬಿಲ್ಡಿಂಗಿನದೊಂದು ಗ್ರೂಪ್ ಮಾಡಿದೆ. ನನಗೆ ಟೈಪ್ ಮಾಡಲು ಬೇಸರ, ಎಲ್ಲ ಮಾತಿನಲ್ಲೇ ಹೇಳಿ ಕಳಿಸುತ್ತಿದ್ದೆ.

ಒಂದು ದಿನ ವಕೀಲರು ಯಾರ ಮುಂದೆಯೋ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು, “ಈ ಬಿಲ್ಡಿಂಗ್ ಒಂದು ಮಾಡಿದಂವ ಇಂವ ನೋಡ್ರಿ.” ಆ ಮಾತು ನನಗೆ ಬಹಳ ರುಚಿಸಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ತಂಗಿ ಬಂದದ್ದು ಅದೇ ಕಾಲದಲ್ಲಿ.

ನನಗೂ ಆಕೆಗೂ ವಯಸ್ಸಿನಲ್ಲಿ ಬಹಳ ಅಂತರ. ನಾನು ಕುರಿ ಹೊಡೆದುಕೊಂಡು ಹೋಗುತ್ತಿದ್ದಾಗ ಆಕೆ ಶಾಲೆಗೆ ಹೋಗುತ್ತಿದ್ದಳು. ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದಳು. ಅಸೂಯೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಹೆಮ್ಮೆ ಅದಕ್ಕಿಂತ ಹೆಚ್ಚಿತ್ತು. ಚಿಟಗುಪ್ಪಕ್ಕೆ ಲಗ್ನ ಮಾಡಿಕೊಟ್ಟೆವು. ಕೆಲವು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದಳು. ಅಲ್ಲಿ ಏನಾಯಿತೆಂದು ಆಕೆ ಪೂರಾ ಹೇಳಲಿಲ್ಲ, ನಾನೂ ಪೂರಾ ಕೇಳಲಿಲ್ಲ. ಅಪ್ಪ ಅವ್ವ ಇಲ್ಲ, ಕೇಳಬೇಕಾದವನು ನಾನೊಬ್ಬನೇ. ನಮ್ಮ ಮನೆಯಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಕಲ್ಯಾಣದಲ್ಲಿ ನರ್ಸ್ ಕೆಲಸದ ಗೆಳತಿಯೊಬ್ಬಳ ಜೊತೆ ಇರಲು ಹೋದಳು.

ಒಂದು ಬೆಳಿಗ್ಗೆ ನನ್ನ ಆಫೀಸಿಗೆ ಬಂದು ಟೇಬಲ್ ಹಿಡಿದು ನಿಂತಳು. ಮುಖದ ಮೇಲೆ ಬಹಳ ದಿನಗಳ ಮೇಲೆ ನಗು.

“ಅಣ್ಣಾ, ಮ್ಯಾಲಿನ ಮೂಲಿ ರೂಮು ಖಾಲಿ ಅದಂತಲ್ಲ. ನಾ ತಗೋತೀನಿ. ಟೈಪಿಂಗು, ಆನ್‌ಲೈನ್ ಅರ್ಜಿ ತುಂಬೂದು, ಝೆರಾಕ್ಸು. ನೀ ಕೆಳಗ ಇರ್ತಿ, ನನಗ ಧೈರ್ಯ.”

ನನಗೆ ಸಂತೋಷವಾಗಬೇಕಿತ್ತು. ಎದೆಯಲ್ಲಿ ಬೇರೇನೋ ಆಯಿತು. ಆಗ ನನ್ನ ಬುಕಿಂಗಿನಲ್ಲಿ ಹೆಚ್ಚಿನ ಲಾರಿಗಳು ಚಿಟಗುಪ್ಪದವು, ಆಕೆಯ ಗಂಡನ ದೊಡ್ಡಪ್ಪ ಚಿಕ್ಕಪ್ಪಂದಿರವು. ಮಾಲೀಕರು ಫೋನಿನಲ್ಲೇ ಮಾತಾಡುತ್ತಿದ್ದರು, ಡ್ರೈವರುಗಳು ಮಾತ್ರ ಬರುತ್ತಿದ್ದರು. ಲಗ್ನ ಮುರಿದ ಮೇಲೂ ಅವರು ಲಾರಿ ಕಳಿಸುವುದು ಬಿಟ್ಟಿರಲಿಲ್ಲ. ಅಣ್ಣನೇ ಆಕೆಗೆ ಅಂಗಡಿ ಹಾಕಿಕೊಟ್ಟು ಬೆನ್ನಿಗೆ ನಿಂತಿದ್ದಾನೆ ಎಂದು ಡ್ರೈವರುಗಳ ಬಾಯಿಂದ ಅಲ್ಲಿಗೆ ಸುದ್ದಿ ಹೋಗಿ ಲಾರಿ ಬರುವುದೇ ನಿಂತರೆ? ನಾನು ಎದ್ದು ಬಾಗಿಲಿನ ತನಕ ಹೋದೆ, ತಿರುಗಿ ಬಂದೆ.

“ತಗೋ. ಆದ್ರ ಒಂದು ಮಾತು. ಇಲ್ಲಿ ನಾವು ಅಣ್ಣ ತಂಗಿ ಅಂತ ಯಾರಿಗೂ ಹೇಳೂದು ಬ್ಯಾಡ. ಸ್ವಲ್ಪ ದಿವಸ.”

“ಯಾಕ?”

“ಚಿಟಗುಪ್ಪದವರ ಡ್ರೈವರ್ ಮಂದಿ ಬರ್ತಾರ, ಹೋಗ್ತಾರ. ಸುಮ್ನ ಯಾಕ ಮಾತು ಬೆಳಸೂದು?”

ಆಕೆ ನನ್ನನ್ನು ನೋಡಿದಳು. “ಮತ್ತ ನಾ ಯಾರಂತ ಹೇಳ್ಲಿ?”

“ಬಾಡಿಗಿಗೆ ಬಂದಾಕಿ ಅಂತ.”

“ಆತು ಬಿಡು,” ಎಂದಳು. ಮೆಟ್ಟಿಲ ಹತ್ತಿರ ಹೋಗಿ ತಿರುಗಿ, “ಆತು ಬಿಡ್ರಿ,” ಎಂದಳು. ಚೇಷ್ಟೆ ಮಾಡಿದಳೆಂದು ನಾನು ನಕ್ಕೆ. ಅವತ್ತಿನಿಂದ ಆಕೆ ನನಗೆ ‘ರಿ’ ಹಚ್ಚಿಯೇ ಮಾತಾಡಿದಳು, ನಾವಿಬ್ಬರೇ ಇದ್ದಾಗಲೂ. ಅಣ್ಣಾ ಎನ್ನುವುದು ನಿಂತುಹೋಯಿತು.

ಆಕೆ ಬಂದ ವಾರದಲ್ಲೇ ಮೆಟ್ಟಿಲ ಮೂಲೆಗೆ ಒಂದು ಹಾಳೆ ಅಂಟಿತು. ‘ದಯವಿಟ್ಟು ಇಲ್ಲಿ ಉಗುಳಬೇಡಿ, ನಾವೇ ತಿರುಗಾಡುವ ಜಾಗ.’ ಚಾಚಾ ಅದನ್ನು ನಿಂತು ಓದಿದರು. “ಹೆಸರು ಹಾಕಿಲ್ಲ. ಶರೀಫ್ ಹೆಣ್ಮಗಳು ಅದಾಳ,” ಎಂದರು. ಅಲ್ಲಿಂದ ಮೂಲೆ ಸ್ವಚ್ಛವಾಯಿತು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಎಷ್ಟೋ ಸಲ ರಂಜಣಿಗೆ ತುಂಬಿರುತ್ತಿತ್ತು. ಯಾರ ಪಾಳಿ ಎಂದು ನಾನು ಕೇಳುತ್ತಿರಲಿಲ್ಲ. ಎಲ್ಲರೂ ಆಕೆಯನ್ನು ಮೇಡಂ ಎಂದರು. ನಾನೂ ಮೇಡಂ ಎಂದೆ.

ಊಟದ ಹೊತ್ತಿಗೆ ಒಂದು ದಿನ ಏಜೆಂಟ್ ಕೇಳಿದ, “ಮ್ಯಾಲಿನ ಮೇಡಂಗೂ ಕರಿಯಣೇನ್ರಿ? ಒಬ್ಬಾಕಿನೇ ಕುಂತು ತಿಂತಾಳ.”

“ಬ್ಯಾಡ್ರಿ,” ಎಂದೆ. “ಗಂಡಸರ ನಡುವ ಕೂಡಾಕ ಹೆಣ್ಮಕ್ಕಳಿಗೆ ಸಂಕೋಚ ಆಗ್ತದ.”

“ಕೇಳಿ ನೋಡೀರೇನು?” ವಕೀಲರು ಕೇಳಿದರು. ಕೇಳಿ ಕೇಳಿ ಖಾತ್ರಿ ಮಾಡಿಕೊಳ್ಳುವುದು ಅವರ ಚಾಳಿ.

“ಕೇಳೇನ್ರಿ.”

ಕೇಳಿರಲಿಲ್ಲ. ಹೆದರಿಕೆ ಏನೆಂದರೆ, ಒಂದೇ ಜಮಖಾನದ ಮೇಲೆ ಕುಳಿತರೆ ನಾವಿಬ್ಬರೂ ರೊಟ್ಟಿ ಮುರಿಯುವ ಬಗೆ, ಖಾರ ಹಚ್ಚಿಕೊಳ್ಳುವ ಬಗೆ ನೋಡಿಯೇ ಒಂದೇ ಮನೆಯವರೆಂದು ಗೊತ್ತಾಗಿಬಿಡುತ್ತದೆ ಎಂದು. ಮುಖವೂ ಅಷ್ಟಿಷ್ಟು ಹೋಲುತ್ತದೆ. ಗ್ರೂಪಿಗೆ ಆಕೆಯ ನಂಬರ್ ಹಾಕಿ ಎಂದಾಗಲೂ ಹಾಗೇ ಅಂದೆ, “ಆಕಿ ಬ್ಯಾಡ ಅಂದಾಳ.” ಎರಡು ವರ್ಷ ಆಕೆಯ ಪರವಾಗಿ ಎಲ್ಲದಕ್ಕೂ ಬೇಡ ಎಂದವನು ನಾನು. ಅವರಿಗೆ ಆಕೆ ಗರ್ವಿಷ್ಠೆ ಅನ್ನಿಸಿದ್ದರೆ ಅದೂ ನನ್ನದೇ ಕೆಲಸ.

ಒಂದು ಮಧ್ಯಾಹ್ನ ನಾವು ಊಟಕ್ಕೆ ಕುಳಿತಿದ್ದೆವು. ಉಳಿದವರ ಬೆನ್ನು ಬಾಗಿಲಿಗೆ, ನನ್ನ ಮುಖ ಬಾಗಿಲಿಗೆ. ಪರದೆಯ ಕೆಳಗೆ ಎರಡು ಕಾಲು ಬಂದು ನಿಂತವು. ಕಾಲುಂಗುರ ತೆಗೆದ ಬೆರಳುಗಳು, ಬಲಗಾಲಿನ ಮೇಲೆ ಸಣ್ಣಂದಿನಲ್ಲಿ ಕುಡುಗೋಲು ತಾಗಿದ ಗಾಯದ ಗುರುತು. ಕೈಯಲ್ಲಿ ಡಬ್ಬಿ ಇದ್ದಿರಬೇಕು, ಮುಚ್ಚಳ ಸಣ್ಣಗೆ ಸದ್ದು ಮಾಡಿತು. ಒಂದು ಮಾತು ಸಾಕಿತ್ತು, ಬಾ ಎಂದು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಮತ್ತೆ ನೋಡಿದಾಗ ಪರದೆಯ ಕೆಳಗೆ ಬರೀ ಬಿಸಿಲು.

ಅವತ್ತು ಮಧ್ಯಾಹ್ನದಿಂದ ಸಂಜೆಯ ತನಕ ಮೆಟ್ಟಿಲು ಹತ್ತಿ ಇಳಿದೆ. ಒಮ್ಮೆ ವಕೀಲರ ಹತ್ತಿರ ಪೆನ್ನು ಕೇಳುವ ನೆಪ, ಒಮ್ಮೆ ಮೇಲಿನ ನಲ್ಲಿ ನೋಡುವ ನೆಪ. ಆಕೆಯ ಬಾಗಿಲು ದಾಟುವಾಗ ಕೀಲಿಮಣೆಯ ಸದ್ದು ಕೇಳುತ್ತಿತ್ತು. ನಿಲ್ಲಲಿಲ್ಲ. ಆಮೇಲೂ ಅದೇ ಆಯಿತು. ಕೆಳಗೆ ಕುಳಿತರೆ ಮೇಲೆ ಹೋಗಬೇಕೆನ್ನಿಸುವುದು, ಮೇಲೆ ಹೋದರೆ ಇಳಿಯಬೇಕೆನ್ನಿಸುವುದು. “ಮಿಯಾ, ನಿನಗೇನು ಕಾಲಾಗ ಇರಿವಿ ಬಿಟ್ಟಾರೇನು?” ಎಂದು ಚಾಚಾ ಕೇಳಿದರು.

ಎಳ್ಳ ಅಮಾವಾಸ್ಯೆ ನಮ್ಮ ಕಡೆ ಹೊಲದ ಹಬ್ಬ. ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ. ಯಾರನ್ನು ಕರೆದೆವು ಎನ್ನುವುದರಲ್ಲೇ ಯಾರು ನಮ್ಮವರು ಎನ್ನುವುದು ಊರಿಗೆಲ್ಲ ಗೊತ್ತಾಗುತ್ತದೆ. ಆ ವರ್ಷ ಹಿಂಗಾರಿ ಜೋಳ ಎದೆಮಟ್ಟ ಬಂದಿತ್ತು. ನಾನು ಉಮೇದಿನಲ್ಲಿ ಗ್ರೂಪಿಗೆ ಮಾತು ಕಳಿಸಿದೆ, “ಅಮಾಸಿಗೆ ಎಲ್ಲಾರೂ ನಮ್ಮ ಹೊಲಕ್ಕ ಬರ್ರಿ. ಭಜ್ಜಿ, ರೊಟ್ಟಿ, ಅಂಬಲಿ. ಯಾರೂ ತಪ್ಪಿಸಬ್ಯಾಡ್ರಿ.” ಯಾರೂ ತಪ್ಪಿಸಬೇಡಿ ಎಂದವನು ನಾನೇ.

“ಮೇಡಂಗೂ ಹೇಳೀರಿಲ್ಲ?” ವಕೀಲರು ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿದರು.

“ಹೇಳೇನ್ರಿ.”

ಆ ಸಂಜೆ ಹೇಳಲೆಂದೇ ಮೇಲೆ ಹೋದೆ. ಬಾಗಿಲಲ್ಲಿ ನಿಂತೆ. ಆಕೆ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು, “ಹೊಲದಾಗ ಕಡ್ಲಿ ಹ್ಯಾಂಗ ಬಂದದರಿ ಈ ಸಲ?”

“ಚಲೋ ಅದ.”

ಆಕೆಯ ಬೆರಳು ಕೀಲಿಮಣೆಯ ಮೇಲೆ ನಿಂತವು. ಕಾಯುತ್ತಿದ್ದಳು. ನನಗದು ಗೊತ್ತಾಯಿತು, ಆಕೆಗೂ ನನಗೆ ಗೊತ್ತಾದದ್ದು ಗೊತ್ತಾಯಿತು. ಹುಡಗಿಗೆ ಬಂದರೆ ಊರೆಲ್ಲ ನೋಡುತ್ತದೆ, ಬಿಲ್ಡಿಂಗಿನವರ ಎದುರೇ ಗುಟ್ಟು ಬಿಚ್ಚುತ್ತದೆ, ನಾಳೆ ಚಿಟಗುಪ್ಪಕ್ಕೆ ಮುಟ್ಟುತ್ತದೆ. ಇಷ್ಟು ಲೆಕ್ಕ ಹಾಕಿ ನಾನು ಕೆಳಗೆ ಇಳಿದೆ.

ಅಮಾವಾಸ್ಯೆಯ ಬೆಳಿಗ್ಗೆ ಹೆಂಡತಿ ಬುಟ್ಟಿ ಕಟ್ಟುತ್ತ ಕೇಳಿದಳು, “ಆಕಿಗಿ ಹೇಳೀರಿಲ್ಲ?” ಬಿಲ್ಡಿಂಗಿನಲ್ಲಿ ನಾನು ಮಾಡಿದ ಕಟ್ಟಳೆ ಹೆಂಡತಿಗೆ ಗೊತ್ತಿರಲಿಲ್ಲ. ನಾನು ಹೂಂ ಎಂದೆ. “ಆಕಿಗಿ ಹುಳಿ ಅಂಬಲಿನೇ ಸೇರ್ತದ. ಬ್ಯಾರೆ ತಂಬಿಗ್ಯಾಗ ತಗದಿಟ್ಟೀನಿ,” ಎಂದಳು.

ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಪಾಂಡವರ ಕಲ್ಲು ಕೂಡಿಸಿ ಪೂಜೆ ಮಾಡಿದೆವು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬರುವ ಹೊತ್ತಿಗೆ ವಕೀಲರ ಕಾರು ಬಂತು. ಚಾಚಾ, ಏಜೆಂಟ್, ವಕೀಲರು ಇಳಿದರು. ವಕೀಲರು ಬಿಳಿ ಪ್ಯಾಂಟು ಹಾಕಿ ಬಂದಿದ್ದರು.

“ಕರೀ ಮಣ್ಣಿನ್ಯಾಗ ಬಿಳಿ ಪ್ಯಾಂಟ್! ಕೋರ್ಟಿನ್ಯಾಗೂ ಹಿಂಗೇ ಅಕಲ್ ಓಡಸ್ತೀರೇನ್ರಿ?” ಚಾಚಾ ಕೇಳಿದರು.

“ಕುಂತ ಮ್ಯಾಲ ಯಾರಿಗೆ ಕಾಣ್ತದ್ರಿ?”

“ಎದ್ದ ಮ್ಯಾಲ ಕಾಣ್ತದ.”

ಎಲ್ಲರೂ ನಕ್ಕರು. ಮೇಡಂ ಎಲ್ಲಿ ಎಂದು ಏಜೆಂಟ್ ಕೇಳಿದ. ಏನೋ ಕೆಲಸ ಬಂತಂತೆ ಎಂದೆ. ಚಾಚಾ ನನ್ನ ಮುಖ ನೋಡಿದರು. ಊಟಕ್ಕೆ ಕೂಡಿಸಿ ನಾನು ಬಡಿಸುವ ನೆಪದಲ್ಲಿ ನಿಂತೇ ಇದ್ದೆ. ಬಾವಿಯ ತನಕ ಹೋಗಿ ಬಂದೆ. ಎತ್ತು ಬಿಚ್ಚಿ ಬೇರೆ ಕಡೆ ಕಟ್ಟಿದೆ.

ಆಗ ಪಕ್ಕದ ಹೊಲದಿಂದ ಮುದುಕಿಯೊಬ್ಬಳು ಬುಟ್ಟಿ ಹೊತ್ತು ಬದು ದಾಟಿ ಬಂದಳು. ನಾವು ಆಕೆಯನ್ನು ದೊಡ್ಡವ್ವ ಎನ್ನುತ್ತೇವೆ. ಆ ದಿನ ಒಬ್ಬರ ಅಡುಗೆ ಇನ್ನೊಬ್ಬರ ಹೊಲಕ್ಕೆ ಹೋಗಲೇಬೇಕು.

“ಎಲ್ಲಿ ಆಕಿ? ಆಕಿಗಂತ ಶೇಂಗಾ ಹೋಳಿಗಿ ತಂದೀನಿ.”

“ಯಾರಿಗೆ ದೊಡ್ಡವ್ವಾ?” ಎಂದು ಕೇಳಿದೆ.

“ನಿನ್ನ ತಂಗಿಗೋ ಮಾರಾಯಾ, ಮತ್ತ ಯಾರಿಗೆ! ಕಲ್ಯಾಣದಾಗ ನಿನ್ನ ಬಿಲ್ಡಿಂಗಿನ್ಯಾಗೇ ಕಂಪೂಟರ್ ಇಟಗೊಂಡು ಕುಂತಾಳಂತಲ್ಲ. ನನ್ನ ಮೊಮ್ಮಗಳ ಅರ್ಜಿ ಆಕಿನೇ ತುಂಬ್ಯಾಳ. ಕೆಳಗ ನಿಮ್ಮ ಅಣ್ಣಗ ಭೆಟ್ಟಿಯಾಗಿ ಹೋಗ್ತೀನಿ ಅಂದ್ರ, ಬ್ಯಾಡ ಸುಮ್ನ ಹೋಗು ಅಂದ್ಳಂತ. ಯಾಕ, ಜಗಳಾಡೀರೇನು?”

ಬಡಿಸುವ ಸೌಟು ನನ್ನ ಕೈಯಲ್ಲೇ ಉಳಿಯಿತು. ಯಾರೂ ಅಗಿಯುತ್ತಿರಲಿಲ್ಲ.

“ನಮ್ಮ ಮೇಡಂ...” ವಕೀಲರು ನಿಧಾನಕ್ಕೆ ಕೇಳಿದರು, “ನಿಮ್ಮ ತಂಗಿ ಏನ್ರಿ?”

“ಹೌದ್ರಿ.”

“ಸಗೀ ತಂಗಿ?” ಇದು ಚಾಚಾ.

“ಹೌದು ಚಾಚಾ.”

ಚಾಚಾ ಅಂಬಲಿಯ ಲೋಟ ನೆಲಕ್ಕಿಟ್ಟರು. “ನಿನ್ನೆ ಸಂಜೀಕ ನಾ ಆಕಿಗಿ ಕೇಳ್ದೆ, ಬೇಟಿ, ನಾಳೆ ಕಾರಿನ್ಯಾಗ ನಮ್ಮ ಜೊತಿ ಬರ್ತೀಯೇನು ಅಂತ. ಕೆಲಸ ಅದ ಚಾಚಾ, ಆಫೀಸಿನ್ಯಾಗೇ ಇರ್ತೀನಿ ಅಂದ್ಳು. ನೀ ಕರದಿಲ್ಲ ಅಂತ ಈಗ ತಿಳೀತು, ಆಕಿ ಬಾಯಿ ಬಿಡ್ಲಿಲ್ಲ. ನಿನ್ನ ಇಜ್ಜತ್ ಆಕಿ ಕಾದಾಳ.”

“ನಾ ಕೇಳಿದ್ನಲ್ರೀ, ಕರಿಯಣೇನಂತ,” ಏಜೆಂಟ್ ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. “ನೀವೇ ಬ್ಯಾಡ ಅಂದ್ರಿ. ನಾವು ಎರಡು ವರ್ಷ ನಿಮ್ಮ ತಂಗಿ ಬಿಟ್ಟು ನಿಮ್ಮ ರೊಟ್ಟಿ ತಿಂದ್ವಿ.”

ಹೆಂಡತಿ ಕೊಂಪೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ದೊಡ್ಡವ್ವ ತಾನೇನು ತಪ್ಪು ಆಡಿದೆನೆಂದು ತಿಳಿಯದೆ ಬುಟ್ಟಿ ಇಳಿಸಿ ಕುಳಿತಳು. ಬಿಲ್ಡಿಂಗಿನವರು ಊಟ ಮುಗಿಸಿ ಕೈ ತೊಳೆದರು. ಅವರು ಬೇಗ ಹೊರಟರು. ಹೆಂಡತಿ ಹುಳಿ ಅಂಬಲಿಯ ತಂಬಿಗೆ ಮತ್ತು ಬುತ್ತಿ ಕಟ್ಟಿದ ಡಬ್ಬಿ ತಂದು ನನ್ನ ಕೈಗಿಟ್ಟಳು.

ನಾನು ಕಲ್ಯಾಣಕ್ಕೆ ಹೋದಾಗ ಬಿಸಿಲು ಇನ್ನೂ ಇತ್ತು. ಹಬ್ಬದ ದಿನ, ಬೀದಿಯ ಶಟರುಗಳೆಲ್ಲ ಕೆಳಗೆ. ಮೇಲಿನ ಮೂಲೆ ರೂಮೊಂದು ತೆರೆದಿತ್ತು.

“ಬುತ್ತಿ ತಂದೀನಿ.”

“ಇಡ್ರಿ ಅಲ್ಲಿ.”

“ಅವರಿಗೆಲ್ಲ ಗೊತ್ತಾತು.”

ಆಕೆ ತಲೆ ಎತ್ತಿದಳು. ಒಂದು ಕ್ಷಣ ಮುಖದಲ್ಲಿ ಏನೋ ಬೆಳಗಿತು. “ನೀವು ಹೇಳಿದ್ರಿ?”

“ಇಲ್ಲ. ದೊಡ್ಡವ್ವ.”

ಬೆಳಗಿದ್ದು ಆರಿತು. ಅಲ್ಲೇ ಆಗಲೇ ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು ನಾನು ಚಿಟಗುಪ್ಪದವರ ಕಥೆ ಶುರುಮಾಡಿದೆ, ಲಾರಿಯವರು, ಡ್ರೈವರುಗಳು, ಮಂದಿ ಏನಂತಾರೆ.

“ಲೋಡು ಬರಾಕತ್ತಾವಿಲ್ಲೊ ಈಗೂ?” ಆಕೆ ನಡುವೆ ಕೇಳಿದಳು.

“ಬರಾಕತ್ತಾವ.”

“ಹಂಗಾದ್ರ ಆತಲ್ರಿ.”

ಆಮೇಲಿನ ದಿನಗಳಲ್ಲಿ ಜಮಖಾನ ಹಾಸಲಿಲ್ಲ. ಯಾರೂ ನಿಲ್ಲಿಸೋಣ ಎಂದು ಹೇಳಲಿಲ್ಲ. ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಒಬ್ಬರಿಗೆ ಕೋರ್ಟು. ರಂಜಣಿಗೆಯ ನೀರು ತಳ ಮುಟ್ಟಿತು. ಚಾಚಾ ಮಾತ್ರ ಎದುರಾದಾಗಲೆಲ್ಲ ಚುಚ್ಚುತ್ತಿದ್ದರು, “ಬಿಲ್ಡಿಂಗ್ ಒಂದು ಮಾಡಿದಂವ ಬಂದ!” ತಮಾಷೆ ಏನೆಂದರೆ, ಚಿಟಗುಪ್ಪಕ್ಕೆ ಸುದ್ದಿ ಮುಟ್ಟಿತು, ಅಲ್ಲಿಂದ ಫೋನೂ ಬಂತು. ಆಕೆಯ ಗಂಡನ ದೊಡ್ಡಪ್ಪ ಲೋಡಿನ ಮಾತು ಮುಗಿಸಿ, “ನಿಮ್ಮ ತಂಗಿ ಅಲ್ಲೇ ಅದಾಳಂತ, ಆರಾಮ ಅದಾಳೇನು?” ಎಂದು ಕೇಳಿ ಇಟ್ಟರು. ಅಷ್ಟೇ. ನಾನು ಎರಡು ವರ್ಷ ಹೆದರಿದ್ದು ಇಷ್ಟಕ್ಕೆ.

ಇದನ್ನು ಹೇಳಲು ಮೇಲೆ ಓಡಿದೆ. ಆಕೆ ತಂತಿಗಳನ್ನು ಸುತ್ತಿ ಡಬ್ಬದಲ್ಲಿಡುತ್ತಿದ್ದಳು.

“ಹುಮನಾಬಾದಿನ್ಯಾಗ ರೂಮು ನೋಡೀನ್ರಿ. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ.”

“ಯಾಕ? ಈಗ ಎಲ್ಲಾರಿಗೂ ಗೊತ್ತಾತಲ್ಲ. ಇನ್ನ ಏನೂ ತ್ರಾಸಿಲ್ಲ.”

“ಇವರೆಲ್ಲ ಈಗ ನನ್ನ ಮುಖ ನೋಡಿದ್ರ ಕಣ್ಣಾಗ ನೀರು ತರ್ತಾರ. ನನಗ ಅದು ಬ್ಯಾಡ್ರಿ. ಹೊಸಾ ಜಾಗದಾಗ ಹೋಗಿ ಕೂಡ್ತೀನಿ.” ಡಬ್ಬದ ಬಾಯಿಗೆ ಟೇಪು ಹಚ್ಚಿದಳು. “ನಿ‌ಮ್ಮ ಊರಿಗೇ ಬರಾಕತ್ತೀನಿ. ಅಂಜಬ್ಯಾಡ್ರಿ, ಹಾದ್ಯಾಗ ಸಿಕ್ರ ಗುರುತು ತೋರಸೂದಿಲ್ಲ.”

ಆಕೆ ಕೊಂಕಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ನನ್ನ ಸಮಾಧಾನಕ್ಕೆಂದೇ ಅಂದಳು. ಹುಮನಾಬಾದಿನಲ್ಲಿ ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ತಂಗಿ ಇರುತ್ತಾಳೆ, ನನಗೆ ಮಾತ್ರ ತಂಗಿ ಇರುವುದಿಲ್ಲ. ಅದು ಆಗ ಅರ್ಥವಾಯಿತು.

ಸಾಮಾನು ಒಯ್ಯುವ ದಿನ ನಾನು ಆಫೀಸು ತೆರೆಯುವ ಹೊತ್ತಿಗೆ ಟಂಟಂ ಆಟೊ ಒಂದು ಬಂದು ನಿಂತಿತ್ತು. ಊರಿನ ಅರ್ಧ ಗಾಡಿಗಳ ನಂಬರ್ ನನ್ನ ಫೋನಿನಲ್ಲಿವೆ, ಆಕೆ ಗಾಡಿ ಹೊರಗಿನಿಂದ ತರಿಸಿದ್ದಳು. ವಕೀಲರು ಕೋಟು ತೆಗೆದು ಟೇಬಲ್ಲಿನ ಒಂದು ಕಡೆ ಹಿಡಿದಿದ್ದರು, ಏಜೆಂಟ್ ಇನ್ನೊಂದು ಕಡೆ. ಚಾಚಾ ಮೆಟ್ಟಿಲ ಕೆಳಗೆ ನಿಂತು, “ಬಲಕ್ಕ, ಬಲಕ್ಕ! ವಕೀಲ್ ಸಾಬ್, ನಿಮ್ಮ ಬಲ ಯಾವುದಂತ ಕಾನೂನಿನ್ಯಾಗ ಬರದಿಲ್ಲೇನು?” ಎಂದು ಕೂಗುತ್ತಿದ್ದರು. ಬಹಳ ದಿನಗಳ ಮೇಲೆ ಆ ಮೆಟ್ಟಿಲಲ್ಲಿ ನಗು. ನಾನು ಮೇಲೆ ಹೋಗಿ ಉಳಿದಿದ್ದ ಪ್ರಿಂಟರ್ ಎತ್ತಿಕೊಂಡು ಬಂದೆ. ಯಾರೂ ಬೇಡ ಎನ್ನಲಿಲ್ಲ.

ಚಾಚಾ ಮತ್ತು ಆಕೆ ಟಂಟಂನಲ್ಲಿ ಕುಳಿತರು, ವಕೀಲರು ಏಜೆಂಟನನ್ನು ಕಾರಿನಲ್ಲಿ ಕೂಡಿಸಿಕೊಂಡರು. ನಾನು ಮೋಟರ್ ಸೈಕಲ್ ಹತ್ತಿ ಹಿಂದೆ ಹೊರಟೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಗೆ ಇಳಿದ ಮೇಲೂ ಟಂಟಂ ಮೆಲ್ಲಗೇ ಹೋಗುತ್ತಿತ್ತು. ಒಮ್ಮೆ ದಾಟಿ ಮುಂದೆ ಹೋದೆ. ಮುಂದೆ ಹೋಗಿ ಏನು ಮಾಡಲಿ ಎಂದು ನಿಂತೆ, ಅದು ದಾಟಿತು, ಮತ್ತೆ ಹಿಂದೆ ಬಿದ್ದೆ. ದಾರಿಯುದ್ದಕ್ಕೂ ಬಾಯೊಳಗೆ ಮಾತು ಜೋಡಿಸಿದೆ. ಎಲ್ಲವೂ ಚಿಟಗುಪ್ಪದಿಂದಲೇ ಶುರುವಾಗುತ್ತಿದ್ದವು. ಪ್ರತಿಯೊಂದನ್ನೂ ಬಿಟ್ಟೆ.

ಹುಮನಾಬಾದಿನ ಆ ಗಲ್ಲಿಯ ಕಟ್ಟಡವೂ ಸಣ್ಣದೇ. ಗಾಡಿಯ ಸದ್ದಿಗೆ ಒಳಗಿನ ಬಾಡಿಗೆದಾರರು ಹೊರಗೆ ಬಂದರು. ಮೋಟರ್ ವೈಂಡಿಂಗ್ ಮಾಡುವ ಒಬ್ಬ ನಡುವಯಸ್ಸಿನವರು, ಹೊಲಿಗೆ ಕಲಿಸುವ ಒಬ್ಬ ಹೆಣ್ಣುಮಗಳು. ಯಾರು ಬರುತ್ತಿದ್ದಾರೆಂದು ನೋಡುವ ಕುತೂಹಲ.

“ಇವರೆಲ್ಲ ಯಾರವ್ವಾ?” ವೈಂಡಿಂಗಿನವರು ಆಕೆಯನ್ನು ಕೇಳಿದರು.

ಚಾಚಾ ತಾವೇ ಉತ್ತರ ಕೊಟ್ಟರು, “ನಾವು ಈಕಿ ಕಲ್ಯಾಣದ ಮಂದಿ. ಚಲೋ ನೋಡ್ಕೋರಿ. ಉಗುಳಿದ್ರ ಕಾಗದ ಹಚ್ತಾಳ.”

ನಾನು ಪ್ರಿಂಟರ್ ಹೊತ್ತು ಬಾಗಿಲಲ್ಲಿ ನಿಂತಿದ್ದೆ. ವೈಂಡಿಂಗಿನವರು ನನ್ನ ಕಡೆ ತಿರುಗಿದರು. “ನೀವು? ಗಾಡಿಯವರೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ತಂಗಿ, “ಹೌದ್ರಿ, ಅವರು...” ಎಂದಳು. ಅಭ್ಯಾಸವಾಗಿಬಿಟ್ಟಿತ್ತು ಆಕೆಗೆ.

ಪ್ರಿಂಟರನ್ನು ನೆಲಕ್ಕಿಟ್ಟೆ. ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ದನಿ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು, ಗಲ್ಲಿಯ ಆಚೆಯವರೂ ತಿರುಗಿ ನೋಡಿದರು.

“ಅಲ್ರಿ. ನಾ ಈಕಿ ಅಣ್ಣ. ಒಂದೇ ತಾಯಿ ಹೊಟ್ಟ್ಯಾಗ ಹುಟ್ಟಿದಂವ. ಎರಡು ವರ್ಷ ಕಲ್ಯಾಣದಾಗ ಈಕಿಗೆ ಯಾರೋ ಅನ್ನಂಗ ನಡಕೊಂಡೆ, ಈ ಮಂದಿ ಎಲ್ಲಾ ಅದಾರ, ಕೇಳ್ರಿ.” ಆಮೇಲೆ ಆಕೆಯ ಕಡೆ ತಿರುಗಿದೆ. “ತಂಗೀ, ನಾ ತಪ್ಪು ಮಾಡೀನಿ. ನಿನಗ ಊಟಕ್ಕ ಕರೀಲಿಲ್ಲ, ಹೊಲಕ್ಕ ಕರೀಲಿಲ್ಲ, ಕೇಳಿದವರಿಗೆಲ್ಲ ಸುಳ್ಳು ಹೇಳ್ದೆ. ಅಂಜಿದೆ, ಅಷ್ಟೇ, ಬ್ಯಾರೆ ಕಾರಣ ಇಲ್ಲ. ನನ್ನ ಮಾಫ್ ಮಾಡವ್ವಾ.”